ಕೆಂಗುಣಿಯ ಹೆಪ್ಪುಮಣ್ಣು

ಮಣ್ಣೆಣಿಕೆ ತೊಂಬತ್ತಾರು, ಹದಿಮೂರನೆಯ ತಿಂಗಳ ಮೂರನೆಯ ದಿನ.
ಕೆಂಗುಣಿ, ಮೊದಲಿಗರ ಬಯಲು.

ಹಿಂದಿನವರಿಗೆ,

ಈ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟು ದಿನ. ಈ ಗುಣಿಯಲ್ಲಿ ಮೊದಲ ಹಿಡಿ ಮಣ್ಣು ಬದುಕಿದ ದಿನದಿಂದ ನಮ್ಮ ಎಣಿಕೆ ಶುರು. ನಿಮ್ಮ ಲೆಕ್ಕದಲ್ಲಿ ನಾನು ಐದಾರು ತಲೆಮಾರು ಆಚೆ ಕೂತು ಬರೆಯುತ್ತಿದ್ದೇನೆ. ಅಷ್ಟು ದೂರ ಬಂದ ಮಾತು ಸ್ವಲ್ಪ ಸವೆದಿರುತ್ತದೆ, ಸ್ವಲ್ಪ ಹೊಸದಾಗಿ ಬೆಳೆದೂ ಇರುತ್ತದೆ. ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ತಿಳಿಯದ ಪದ ಬಂದಲ್ಲಿ ನಾನೇ ನಿಂತು ಹೇಳುತ್ತೇನೆ. ಆದರೆ ಹೆಜ್ಜೆಹೆಜ್ಜೆಗೂ ನಿಲ್ಲುವಷ್ಟು ತಾಳ್ಮೆ ನನಗಿಲ್ಲ, ಅದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಹೆಸರು ತಿಪ್ಪವ್ವ. ನಿಮ್ಮ ಕಾಲದಲ್ಲಿ ಈ ಹೆಸರು ಕೇಳಿ ಶಾಲೆಯಲ್ಲಿ ನಗುತ್ತಿದ್ದರಂತೆ. ಇಲ್ಲಿ ತಿಪ್ಪೆಗಿಂತ ದೊಡ್ಡ ಐಶ್ವರ್ಯವಿಲ್ಲವಾದ್ದರಿಂದ ತರಗತಿಗೆ ಮೂವರು ತಿಪ್ಪವ್ವಂದಿರು ಇರುತ್ತಾರೆ. ನನಗೆ ಅರವತ್ತಮೂರು ವರ್ಷ. ಕೆಲಸ ಮಣ್ಣುಮೂಗಿಯದು, ಅಂದರೆ ಮಣ್ಣನ್ನು ಮೂಸಿ ಅದು ಬದುಕಿದೆಯೋ ಸತ್ತಿದೆಯೋ ಹೇಳುವವಳು. ಯಂತ್ರಗಳು ನಮ್ಮಲ್ಲೂ ಇವೆ. ಅವು ಮಣ್ಣಿನಲ್ಲಿ ಏನೇನಿದೆ ಎಂದು ಪಟ್ಟಿ ಕೊಡುತ್ತವೆ, ಪಟ್ಟಿ ಓದಿ ಮುಗಿಸುವಷ್ಟರಲ್ಲಿ ನಾನು ಮೂಸಿ, ಸಹಿ ಹಾಕಿ, ಮಜ್ಜಿಗೆ ಕುಡಿದಿರುತ್ತೇನೆ. ಈ ಊರಿನ ಹೊಲಗಳ ಬಗ್ಗೆ ನನ್ನ ಮಾತೇ ಕೊನೆಯ ಮಾತಾಗಿ ಮೂವತ್ತೊಂಬತ್ತು ವರ್ಷವಾಯಿತು. ಜಂಬ ಅನ್ನಿ ಬೇಕಾದರೆ. ಬೆಳಿಗ್ಗೆ ಮನೆ ಬಿಡುವಾಗ ಅದು ಜಂಬವೇ ಆಗಿತ್ತು.

ಕೆಂಗುಣಿ ಎಂದರೆ ನೀವು ಅದಿರು ತೆಗೆದು ಬಿಟ್ಟುಹೋದ ಗುಣಿಗಳಲ್ಲಿ ಒಂದು. ಬೆಟ್ಟ ಇದ್ದ ಜಾಗದಲ್ಲಿ ಬಟ್ಟಲಿನಂಥ ಕೆಂಪು ಹಳ್ಳ, ಸುತ್ತ ಒಂದರ ಕೆಳಗೊಂದು ಒಂಬತ್ತು ಪಾವಟಿಗೆ, ಅಂದರೆ ಬಯಲಿನಷ್ಟು ಅಗಲದ ಮೆಟ್ಟಿಲು. ಒಂದೊಂದು ಪಾವಟಿಗೆಯೂ ಒಂದು ಓಣಿ, ಅದರಂಚಿಗೆ ಹೊಲ, ಹೊಲದ ಮೇಲೆ ನೆರಳುಬಟ್ಟೆ. ತಳದಲ್ಲಿ ಕೆರೆ. ಒಂದು ಪಾವಟಿಗೆಯಿಂದ ಇನ್ನೊಂದಕ್ಕೆ ತೂಗುತೊಟ್ಟಿಲಲ್ಲಿ ಓಡಾಡುತ್ತೇವೆ, ಹಗ್ಗಕ್ಕೆ ಕಟ್ಟಿದ ಪೆಟ್ಟಿಗೆ ಅದು, ಆರು ಜನ ಹಿಡಿಯುತ್ತಾರೆ, ಯಾವಾಗಲೂ ಎಂಟು ಜನ ಹತ್ತಿರುತ್ತಾರೆ. ನಡುಹಗಲು ನಾಲ್ಕು ತಾಸು ಉರಿಹೊತ್ತು, ಆಗ ಯಾರೂ ಬಯಲಿಗೆ ಬರುವುದಿಲ್ಲ. ಬೆಳಿಗ್ಗೆ ಜೋಳದ ರೊಟ್ಟಿ, ಸಂಜೆ ಸಾವೆಯ ಅನ್ನ, ಹಬ್ಬಕ್ಕೆ ಕೆರೆಯ ಮೀನು. ನೀವು ನಮ್ಮ ಬಗ್ಗೆ ಮರುಕಪಡುತ್ತಿದ್ದಿರಿ ಎಂದು ಓದಿದ್ದೇನೆ. ಬೇಕಾಗಿಲ್ಲ. ನಾವು ಚೆನ್ನಾಗಿದ್ದೇವೆ.

ಮೊದಲಿಗರ ಬಯಲು ನಮ್ಮ ಒಂಬತ್ತನೆಯ ಪಾವಟಿಗೆಯಲ್ಲಿದೆ. ಮೊದಲು ಬಂದ ಹನ್ನೊಂದು ಕುಟುಂಬಗಳು ಹೇಗಿದ್ದವೋ ಹಾಗೆಯೇ ಇಟ್ಟಿರುವ ತೆರೆದ ಮ್ಯೂಸಿಯಂ ಅದು. ಗೋಡೆಯಿಲ್ಲ, ಚಾವಣಿಯಿಲ್ಲ. ಕೆಟ್ಟುನಿಂತಲ್ಲೇ ನೀವು ಬಿಟ್ಟುಹೋದ ಹನ್ನೊಂದು ಅದಿರಿನ ಲಾರಿಗಳು ಸಾಲಾಗಿ ನಿಂತಿವೆ, ಒಂದೊಂದು ಗಾಲಿಯೂ ಎರಡಾಳೆತ್ತರ. ಮೊದಲಿಗರು ಮನೆ ಕಟ್ಟಲಿಲ್ಲ, ಆ ಲಾರಿಗಳ ತೊಟ್ಟಿಗೆ ತಾಡಪಾಲು ಹೊದಿಸಿ ಒಳಗೆ ಸಂಸಾರ ಹೂಡಿದರು. ಬಂದವರಿಗೆಲ್ಲ ಬಾಗಿಲಲ್ಲೇ ಒಂದು ಗುದ್ದಲಿ, ಒಂದು ಕೊಡ ಕೊಡುತ್ತಾರೆ. ಕೆರೆಯಿಂದ ಒಂದು ಕೊಡ ನೀರು ಹೊತ್ತು ಮೇಲೆ ತಂದವರಿಗೆ ಮಾತ್ರ ಊಟ. ಹೊರಗೆ ಹೋಗುವ ದಾರಿಯಲ್ಲಿ ಒಣಗಿದ ಬಾವಿಯೊಂದಿದೆ. ದಿನ ಕಳೆದವರು ಹಿಂದಿನವರಿಗೆ ಒಂದು ಕಾಗದ ಬರೆದು ಅದರೊಳಗೆ ಹಾಕಿ ಹೋಗಬೇಕು. ಕಾಗದ ನಿಮಗೆ ಮುಟ್ಟುತ್ತದೆ ಎಂದು ಯಾರೂ ನಂಬಿಲ್ಲ, ಆದರೂ ಬರೆಯದೆ ಯಾರೂ ಹೋಗುವುದಿಲ್ಲ.

ಇವತ್ತು ನಾನು ಹೋದದ್ದು ವಿಹಾರಕ್ಕಲ್ಲ. ನಮ್ಮ ನಾಲ್ಕನೆಯ ಪಾವಟಿಗೆಯ ಮಣ್ಣು ಸಾಯುತ್ತಿದೆ. ಬಿತ್ತಿದ ಜೋಳ ಗೇಣುದ್ದ ಬಂದು ಬೂದಿಬಣ್ಣಕ್ಕೆ ತಿರುಗಿ ಮಲಗುತ್ತದೆ, ಮೂರು ಬೆಳೆ ಹೀಗೇ ಹೋಯಿತು. ಅಲ್ಲಿ ಎಂಬತ್ತು ಮನೆಗಳಿವೆ. ಮುಂದಿನ ಬಿತ್ತನೆಯೂ ಕೈಕೊಟ್ಟರೆ ಆ ಎಂಬತ್ತು ಮನೆಯವರನ್ನು ಎಬ್ಬಿಸಿ ಹಗರಿ ಹೊಳೆಯಾಚೆಯ ಉಸುಕಿನ ಬಯಲಿಗೆ ಕಳಿಸುವುದು ಎಂದು ಊರ ಸಭೆ ತೀರ್ಮಾನಿಸಿದೆ. ಅದಕ್ಕೂ ಮುಂಚೆ ಒಂದೇ ಒಂದು ದಾರಿ ಉಳಿದಿತ್ತು. ಮ್ಯೂಸಿಯಂನಲ್ಲಿರುವ ಮೊದಲ ಮಡಕೆಯನ್ನು ತೆರೆದು, ಅದರ ಹೆಪ್ಪುಮಣ್ಣನ್ನು ನಾಲ್ಕನೆಯ ಪಾವಟಿಗೆಗೆ ಹಾಕುವುದು.

ಇಲ್ಲಿ ನಿಲ್ಲಲೇಬೇಕು. ನೀವು ಹಾಲಿಗೆ ಹೆಪ್ಪು ಹಾಕುತ್ತೀರಲ್ಲ, ಹಾಗೆ ನಾವು ಮಣ್ಣಿಗೂ ಹಾಕುತ್ತೇವೆ. ಕಲ್ಲುಪುಡಿ, ಸೊಪ್ಪು, ಸೆಗಣಿ ಕಲಸಿಟ್ಟು ಅದಕ್ಕೆ ಒಂದು ಹಿಡಿ ಜೀವಂತ ಮಣ್ಣು ಸೇರಿಸಿದರೆ ನಲವತ್ತು ದಿನದಲ್ಲಿ ಅಷ್ಟೂ ಮಣ್ಣಾಗುತ್ತದೆ. ಮೊದಲಿಗರಲ್ಲಿ ಒಬ್ಬಾಕೆ ಹೊಳೆದಂಡೆಯ ಹೊಲದಿಂದ ಒಂದು ಮಡಕೆ ಮಣ್ಣು ತಲೆಯ ಮೇಲೆ ಹೊತ್ತು ತಂದಿದ್ದಳು. ಒಂದು ಲಾರಿಯವರಿಗೆ ಕೊಟ್ಟಳು, ಅವರು ಮುಂದಿನ ಲಾರಿಯವರಿಗೆ ಕೊಟ್ಟರು. ಈ ಊರು ಹಾಗೆ ಹೆಪ್ಪುಗಟ್ಟಿದ್ದು. ಅಕ್ಕಪಕ್ಕದವರು ಉಡಿಯೊಡ್ಡಿ ಹೆಪ್ಪು ಕೇಳಿದರೆ ಇಲ್ಲ ಎನ್ನುವಂತಿರಲಿಲ್ಲ.

ಐವತ್ತೇಳನೆಯ ವರ್ಷ ಬೇರುಕೊಳೆ ಬಂತು. ಹಿಡಿಮಣ್ಣಿನ ಜೊತೆ ಮನೆಯಿಂದ ಮನೆಗೆ ನಡೆದು ಎರಡು ಪಾವಟಿಗೆಯ ಬೆಳೆಯನ್ನು ತಿಂದು ಹಾಕಿತು. ನನಗಾಗ ಇಪ್ಪತ್ತನಾಲ್ಕು. ಊರಿನ ಮೂಗು ಇನ್ನು ನೀನೇ ಎಂದು ಕೂರಿಸಿದರು. ಮರುವರ್ಷವೇ ನಾನು ನಿಯಮ ಬರೆದೆ: ಹೆಪ್ಪುಮಣ್ಣನ್ನು ಕೈಯಿಂದ ಕೈಗೆ ಕೊಡಕೂಡದು, ಪರೀಕ್ಷೆಯಾದದ್ದನ್ನು ಚೀಟಿಯೊಂದಿಗೆ ಊರಿನ ಮಣ್ಣಿನ ಕಚೇರಿಯಿಂದಲೇ ಪಡೆಯತಕ್ಕದ್ದು. ಅದೇ ದಿನ ಮ್ಯೂಸಿಯಂ ತೆರೆದರು, ಮೊದಲ ಮಡಕೆಯನ್ನು ಗಾಜಿನೊಳಗಿಟ್ಟು ಗಾಳಿಯಾಡದಂತೆ ಮುದ್ರೆ ಹಾಕಿದ್ದೂ ನಾನೇ. ಯಾವ ಕಾಯಿಲೆಯೂ ಅದನ್ನು ಮುಟ್ಟಬಾರದು, ಎಂದಾದರೂ ಬೇಕಾದೀತು ಎಂದು. ಊರಿಗೆ ಊರೇ ಚಪ್ಪಾಳೆ ತಟ್ಟಿತು.

ಹಾಗಾಗಿ ಇವತ್ತು ಮುದ್ರೆ ಒಡೆದು, ಮೂಸಿ, ಬದುಕಿದೆ ಎಂದು ಸಹಿ ಹಾಕಬೇಕಾದವಳೂ ನಾನೇ. ಮೂಗು ಕೆಡದಿರಲೆಂದು ಮೂರು ದಿನದಿಂದ ಉಳ್ಳಾಗಡ್ಡಿ ಮುಟ್ಟಿರಲಿಲ್ಲ. ಜೊತೆಗೆ ನನ್ನ ಸೋದರಮಾವ ಹುಲಿಗೆಪ್ಪನನ್ನು ಕರೆದುಕೊಂಡು ಹೋದೆ. ಅವನಿಗೆ ತೊಂಬತ್ತಮೂರು, ಆರನೆಯ ಲಾರಿಯಲ್ಲಿ ಹುಟ್ಟಿದವನು, ಮೊದಲಿಗರ ಮಕ್ಕಳಲ್ಲಿ ಉಳಿದಿರುವವನು ಅವನೊಬ್ಬನೇ. ಇಷ್ಟು ವರ್ಷ ಮ್ಯೂಸಿಯಂ ಕಡೆ ತಲೆಹಾಕಿ ಮಲಗಿರಲಿಲ್ಲ. ನೀರಿನ ಕೊಡ ಹೊರಲು ಅವನಿಗೆ ವಿನಾಯಿತಿ ಕೊಟ್ಟರು. ಅದಕ್ಕೆ ಸಿಟ್ಟು ಬಂದು ಅರ್ಧ ಕೊಡ ಹೊತ್ತೇ ಹೊತ್ತ, ದಾರಿಯುದ್ದಕ್ಕೂ ನನ್ನನ್ನು ಬೈದ.

ಆರನೆಯ ಲಾರಿಯಲ್ಲಿ ಮಾವನ ತಾಯಿಯ ವೇಷದಲ್ಲಿ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ಮ್ಯೂಸಿಯಂನಲ್ಲಿ ಹೀಗೆ ಮೊದಲಿಗರ ಪಾತ್ರ ಮಾಡುವವರಿದ್ದಾರೆ. ಇವಳ ಹೆಸರು ರುದ್ರಾಂಬೆ, ನಲವತ್ತರ ಆಸುಪಾಸು, ಬಂದವರನ್ನೆಲ್ಲ ನಗುನಗುತ್ತ ಕರೆದು ಕೂರಿಸುವುದು ಅವಳ ಕೆಲಸ. ಮಾವ ಅವಳ ಎದುರು ಕೂತು ರೊಟ್ಟಿ ಮುರಿಯುತ್ತ ಬಹಳ ಹೊತ್ತು ಅವಳ ಮುಖ ನೋಡಿದ. ಆಮೇಲೆ, "ನಮ್ಮವ್ವ ಇಷ್ಟು ನಗಾಕಿ ಅಲ್ಲವ್ವ. ರೊಟ್ಟಿ ಬಡಿಯೋ ಹೊತ್ತಿನ್ಯಾಗ ಹತ್ರ ಹೋದ್ರ ಬೆನ್ನಿಗೊಂದು ಬಿಗಿಯಾಕಿ" ಎಂದ. ರುದ್ರಾಂಬೆ ಕೈ ನಿಲ್ಲಿಸದೆ, "ಹಂಗಾರ ನಗೂದು ಬಿಡ್ಲೇನಜ್ಜ?" ಎಂದು ಕೇಳಿದಳು. "ಬ್ಯಾಡ, ನಗು. ಆಕಿಗೆ ಪುರುಸೊತ್ತು ಇದ್ದಿಲ್ಲ, ಆಕಿ ಬದಲಿಗೆ ನೀನಾರ ನಗು" ಎಂದ ಮಾವ ಇನ್ನೊಂದು ರೊಟ್ಟಿಗೆ ಕೈಚಾಚಿದ. ಅವನ ಕಣ್ಣು ತುಂಬಿದ್ದನ್ನು ನಾನು ನೋಡಿಯೂ ನೋಡದಂತೆ ಇದ್ದೆ. ನಮ್ಮ ಮನೆತನದಲ್ಲಿ ಅಷ್ಟು ಮರ್ಯಾದೆ ಇದೆ.

ಉರಿಹೊತ್ತು ಇಳಿದ ಮೇಲೆ ಜನ ಸೇರಿದರು. ಎಲ್ಲ ಪಾವಟಿಗೆಗಳಿಂದ ಬಂದಿದ್ದರು, ನಾಲ್ಕನೆಯದರಿಂದ ಎಂಬತ್ತು ಮನೆಯವರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಹಿರಿಯಳು ಸೋನಿಬಾಯಿ ಮಡಿಲಲ್ಲೊಂದು ಬಟ್ಟೆಗಂಟು ಇಟ್ಟುಕೊಂಡಿದ್ದಳು. ಮ್ಯೂಸಿಯಂ ನಡೆಸುವ ದೇವಕಿ ನಾಯಕ ಗಾಜಿನ ಪೆಟ್ಟಿಗೆಗೆ ಹೂವಿನ ಹಾರ ಹಾಕಿಸಿದ್ದಳು. ನಾನು ಮೂಗು ತೊಳೆದುಕೊಂಡು, ಮುದ್ರೆ ಒಡೆದು, ಮಡಕೆಯೊಳಗೆ ಕೈಹಾಕಿ ಒಂದು ಹಿಡಿ ತೆಗೆದೆ.

ಬದುಕಿರುವ ಮಣ್ಣಿಗೆ ಒಂದು ವಾಸನೆಯಿದೆ, ನಿಮಗೂ ಅದು ಗೊತ್ತು, ಮೊದಲ ಮಳೆ ಬಿದ್ದಾಗ ಬಾಗಿಲಿಗೆ ಬಂದು ನಿಲ್ಲುತ್ತಿದ್ದಿರಲ್ಲ, ಅದೇ. ನನ್ನ ಕೈಯಲ್ಲಿದ್ದದ್ದಕ್ಕೆ ಹಳೆಯ ಕಪಾಟಿನ ವಾಸನೆ ಇತ್ತು. ಮತ್ತೊಮ್ಮೆ ಮೂಸಿದೆ. ತಳದಿಂದ ತೆಗೆದು ಮೂಸಿದೆ. ಇಟ್ಟಿಗೆಪುಡಿ ಅದು. ಗಾಳಿಯಿಲ್ಲದೆ, ನೀರಿಲ್ಲದೆ, ತಿನ್ನಲು ಒಂದೆಲೆಯೂ ಇಲ್ಲದೆ ಯಾವಾಗಲೋ ಸತ್ತುಹೋಗಿತ್ತು. ಹೆಪ್ಪನ್ನು ಕೊಡದೆ ಇಟ್ಟುಕೊಂಡರೆ ಉಳಿಯುವುದಿಲ್ಲ ಎಂಬುದು ಈ ಊರಿನ ಹಸುಗೂಸಿಗೂ ಗೊತ್ತು. ಅದನ್ನು ಪೂಜೆಗೆ ಇಟ್ಟದ್ದು ಮಾತ್ರ ಇದೇ ಊರು, ಮುದ್ರೆ ನನ್ನದು. ಲಾರಿಯ ಗಾಲಿಗೆ ಒರಗಿದೆ. ಸಹಿ ಹಾಕಿಬಿಟ್ಟರೆ ನಲವತ್ತು ದಿನದ ತನಕ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ. ಸೋನಿಬಾಯಿ ನನ್ನನ್ನೇ ನೋಡುತ್ತಿದ್ದಳು.

ಮಡಕೆ ಸತ್ತಿದೆ ಎಂದೆ. ಸಾಯಿಸಿದವಳು ನಾನು ಎಂದೆ. ಆಗ ನನಗೆ ಇನ್ನೊಂದು ಮಾತು ಹೊಳೆಯಿತು, ಅದು ಮೊದಲೇ ಹೊಳೆಯಬೇಕಿತ್ತು. ಕಚೇರಿಯ ಹೆಪ್ಪೆಲ್ಲ ಮುದ್ರೆ ಹಾಕುವ ಮುಂಚೆ ಇದೇ ಮಡಕೆಯಿಂದ ಒಂದು ಹಿಡಿ ತೆಗೆದು ಬೆಳೆಸಿದ್ದು, ಬೇರೆ ಮಣ್ಣು ಸೇರದೆ ವರ್ಷದಿಂದ ವರ್ಷಕ್ಕೆ ಅದು ಸೊರಗುತ್ತ ಬಂದಿತ್ತು. ಹಾಗಿದ್ದರೆ ಉಳಿದ ಎಂಟು ಪಾವಟಿಗೆಗಳಲ್ಲಿ ಜೋಳ ಆಳೆತ್ತರ ನಿಂತಿರುವುದು ಹೇಗೆ? ಕೈಯಿಂದ ಕೈಗೆ ಬಂದ ಮಣ್ಣು ಯಾರ ಮನೆಯಲ್ಲಾದರೂ ಇದೆಯೇ ಎಂದು ಕೇಳಿದೆ. ಎಲ್ಲರೂ ನೆರಳುಬಟ್ಟೆಯ ತೂತುಗಳನ್ನು ಎಣಿಸತೊಡಗಿದರು. ನಿಯಮ ಬರೆದವಳು ನಾನು, ಈಗಲೇ ಅಳಿಸಿದೆ, ಯಾರಿಗೂ ಶಿಕ್ಷೆಯಿಲ್ಲ ಎಂದೆ. ಆಗಲೂ ಒಂದು ಕೈ ಏಳಲಿಲ್ಲ.

ಹಿಂದಿನಿಂದ ಮಾವನ ದನಿ ಬಂತು: "ಏ ತಿಪ್ಪಿ, ನೀ ಕೇಳೂದು ಪೊಲೀಸರು ಕೇಳಿದಂಗ ಐತಿ. ಹೆಪ್ಪು ಹಂಗ ಕೇಳ್ತಾರೇನು? ಉಡಿ ಒಡ್ಡು."

ಅರವತ್ತಮೂರು ವರ್ಷದವಳು, ಊರಿನ ಮೂಗು, ಸಾವಿರ ಜನರ ಮುಂದೆ ಸೆರಗನ್ನು ಮುಂದೆ ಹಿಡಿದು ನಿಂತೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಒಂದ್ ಹಿಡಿ ಹೆಪ್ಪು ಕೊಡ್ರವ್ವ" ಎಂದೆ. ಚಿಕ್ಕವಳಿದ್ದಾಗ ಅವ್ವ ಪಕ್ಕದ ಮನೆಗೆ ಹೇಳಿಕಳಿಸುತ್ತಿದ್ದ ಮಾತು, ಬಾಯಿಗೆ ತಾನಾಗಿಯೇ ಬಂತು. ಮಾವ ಕೋಲೂರಿಕೊಂಡು ಎದ್ದ. "ನಮ್ಮ ಬಚ್ಚಲ ಹಿಂದ ಒಡಕು ಬಕೀಟಿನ್ಯಾಗ ಐತಿ. ನೀ ನಿಯಮ ಮಾಡಿದ ದಿನ ಸಂಜೀಕಾನೇ ಇಟ್ಟೀನಿ" ಎಂದ. ರುದ್ರಾಂಬೆ ಲಾರಿಯ ಮೆಟ್ಟಿಲಿಳಿದು ಬಂದು, ತಾನು ದಿನಾ ರೊಟ್ಟಿ ಬಡಿಯುವ ಒಲೆಯ ಪಕ್ಕದ ಕರಿಬೇವಿನ ಕುಂಡದಲ್ಲಿರುವುದು ತವರಿನಿಂದ ಕದ್ದು ತಂದ ಮಣ್ಣು ಎಂದಳು. ಗಾಜಿನ ಪೆಟ್ಟಿಗೆಯಿಂದ ಹತ್ತು ಹೆಜ್ಜೆ ದೂರದಲ್ಲಿದೆ ಆ ಕುಂಡ. ದೇವಕಿ ನಾಯಕ ಮುಖ ತಗ್ಗಿಸಿ, ಆ ಕುಂಡಕ್ಕೆ ತಾನೂ ಒಂದು ಹಿಡಿ ಹಾಕಿದ್ದೇನೆ ಎಂದಳು. ಆಮೇಲೆ ಕಟ್ಟೆ ಒಡೆದಂತಾಯಿತು. ತೊಟ್ಟಿಲ ಕೆಳಗೆ, ಹಿತ್ತಿಲ ಮೂಲೆಯಲ್ಲಿ, ದೇವರ ಜಗಲಿಯ ಹಿಂದೆ, ಬಸುರಿ ಮಗಳಿಗೆ ಕೊಟ್ಟ ಬುತ್ತಿಯ ತಳದಲ್ಲಿ. ಮೂವತ್ತೆಂಟು ವರ್ಷ ಇಡೀ ಊರು ನನ್ನ ಕಣ್ಣಿಗೆ ಮಣ್ಣೆರಚಿತ್ತು, ಅದರಿಂದಲೇ ಬದುಕಿತ್ತು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಅವಮಾನ ಅನ್ನಿಸಬೇಕಿತ್ತು, ಹೊಟ್ಟೆ ತಣ್ಣಗಾಯಿತು.

ಜನ ಮನೆಗಳಿಗೆ ಓಡಿ ಬುಟ್ಟಿಗಳಲ್ಲಿ ತಂದು ಸುರಿಯತೊಡಗಿದರು. ಆ ಗದ್ದಲದಲ್ಲಿ ನಾಲ್ಕನೆಯ ಪಾವಟಿಗೆಯವರು ಮಾತ್ರ ಕೂತಲ್ಲೇ ಕೂತಿದ್ದರು. ಅವರು ಐವತ್ತೊಂಬತ್ತನೆಯ ವರ್ಷ, ಅಂದರೆ ನಿಯಮ ಬಂದ ಮೇಲೆ, ಬೇರೆ ಗುಣಿಯಿಂದ ಬಂದು ನೆಲೆಸಿದವರು. ಸೋನಿಬಾಯಿ ಎದ್ದು ಬಂದು ತನ್ನ ಗಂಟು ಬಿಚ್ಚಿದಳು. ಒಳಗೆ ಕಚೇರಿಯ ಚೀಟಿಗಳಿದ್ದವು. ವರ್ಷಕ್ಕೊಂದರಂತೆ ಮೂವತ್ತೇಳು, ಒಂದೂ ಮಡಚಿರಲಿಲ್ಲ, ಒಂದಕ್ಕೂ ಎಣ್ಣೆ ತಾಗಿರಲಿಲ್ಲ. "ನೀವು ಹೇಳಿದ್ದೆಲ್ಲಾ ಮಾಡೀವಿ ಅಕ್ಕಾರ" ಎಂದಳು. "ಹೊರಗಿಂದು ಒಂದ್ ಹಿಡಿ ಮುಟ್ಟಿಲ್ಲ." ನನಗೆ ತಲೆಯೆತ್ತಲಾಗಲಿಲ್ಲ. ಈ ಊರಿನಲ್ಲಿ ನನ್ನ ಮಾತು ಕೇಳಿದವರು ಅವರೊಬ್ಬರೇ, ಕೆಟ್ಟವರೂ ಅವರೊಬ್ಬರೇ. ಆಮೇಲೆ ಅವಳು ನನ್ನನ್ನು ಬಿಟ್ಟು ಉಳಿದವರ ಕಡೆ ತಿರುಗಿದಳು. "ನಿಮ್ಮನಿಗೆ ನೀರು ಕೇಳಾಕ ಬಂದೀವಿ, ಮದುವಿಗೆ ಬಂದೀವಿ, ಸತ್ತಾಗ ಹೆಗಲು ಕೊಟ್ಟೀವಿ. ಈ ಮಾತು ನಮಗೊಬ್ಬರಿಗೆ ಯಾಕ ಹೇಳ್ಲಿಲ್ಲ?"

ಹೊಸಬರು ಕಚೇರಿಗೆ ಹೇಳಿಬಿಟ್ಟಾರು ಎಂದು ಅಂಜಿದ್ದರು, ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳಲು ಮಾವನಿಗೂ ಧೈರ್ಯ ಬರಲಿಲ್ಲ. ಅವನು ಕೋಲನ್ನು ಬದಿಗಿಟ್ಟು ಕಷ್ಟಪಟ್ಟು ಬಗ್ಗಿ, ರಾಶಿಯಿಂದ ಎರಡೂ ಕೈ ತುಂಬ ಮಣ್ಣು ತೆಗೆದು ಅವಳ ಎದುರು ಹಿಡಿದು ನಿಂತ. ಸೋನಿಬಾಯಿ ತನ್ನ ಗಂಟನ್ನು ಮತ್ತೆ ಕಟ್ಟಿದಳು, ಹೊರಟುಹೋಗುತ್ತಾಳೆ ಎಂದೇ ನಾನು ತಿಳಿದೆ. ಕೊನೆಗೆ ಸೆರಗೊಡ್ಡಿದಳು. ನಾನು ಅಭ್ಯಾಸಬಲದಿಂದ ಚೀಟಿ ಪುಸ್ತಕ ತೆಗೆದೆ. ಅವಳು ನೋಡಿದ ನೋಟಕ್ಕೆ ಮತ್ತೆ ಚೀಲದೊಳಗೆ ಇಟ್ಟೆ.

ಈಗ ರಾಶಿ ಲಾರಿಯ ಗಾಲಿಯ ಅರ್ಧಕ್ಕೆ ಬಂದಿದೆ. ನೂರಾರು ಮನೆಯ ಮಣ್ಣು, ಒಂದೊಂದಕ್ಕೆ ಒಂದೊಂದು ಬಣ್ಣ. ನಾನು ಮಂಡಿಯೂರಿ ಅದನ್ನು ಮೂಸಿದೆ. ಹಾಗೊಂದು ವಾಸನೆಯನ್ನು ಈ ಮೂಗು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಇದರಲ್ಲಿ ಬೇರುಕೊಳೆಯೂ ಎಲ್ಲೋ ಒಂದು ಮೂಲೆಯಲ್ಲಿರಬಹುದು, ಇಲ್ಲವೆನ್ನುವುದಿಲ್ಲ. ಅದನ್ನು ತಿಂದು ಅರಗಿಸಿಕೊಳ್ಳುವಂಥದ್ದೂ ಇದರಲ್ಲೇ ಇದೆ. ನಾಳೆಯಿಂದ ನಾಲ್ಕನೆಯ ಪಾವಟಿಗೆಗೆ ಹೊರುತ್ತೇವೆ. ನಲವತ್ತು ದಿನ ಬೇಕು, ಆಮೇಲೆ ಬಿತ್ತನೆ. ಜೋಳ ಏಳುತ್ತದೆ, ಎಂಬತ್ತು ಮನೆಯವರೂ ಇಲ್ಲೇ ಇರುತ್ತಾರೆ. ಇದನ್ನು ನಾನು ಸಹಿ ಹಾಕದೆಯೇ ಹೇಳುತ್ತಿದ್ದೇನೆ.

ಹಿಂದಿನವರೇ, ನಿಮ್ಮ ಕಾಲದಲ್ಲೂ ನನ್ನಂಥವರು ಇರುತ್ತಾರೆ. ನಿಮ್ಮ ಒಳ್ಳೆಯದನ್ನೇ ಬಯಸುವವರು, ಕೆಲಸ ಗೊತ್ತಿದ್ದವರು, ದುಂಡಗೆ ಬರೆಯುವವರು. ಅವರನ್ನು ಬೈಯಬೇಡಿ, ಅವರು ಹೇಳುವುದು ಅರ್ಧದಷ್ಟು ನಿಜವೂ ಆಗಿರುತ್ತದೆ. ಆದರೆ ಅವರ ಮಾತು ಮೀರಿ ನೀವು ಏನನ್ನಾದರೂ ಬಚ್ಚಿಟ್ಟು ಉಳಿಸಿಕೊಂಡಿದ್ದರೆ, ಓಣಿಗೆ ನಿನ್ನೆ ಬಂದವರಿಗೂ ಅದನ್ನು ಹೇಳಿ. ನಂಬಿಕೆ ಬರುವ ತನಕ ಕಾಯಬೇಡಿ. ನನ್ನದೊಂದೇ ಕೋರಿಕೆ ಇದು.

ಬಾವಿಯ ಬಳಿ ಇವತ್ತು ಬರೆಯುವವರ ನೂಕುನುಗ್ಗಲು. ನನ್ನ ಸರದಿ ಬರುವಷ್ಟರಲ್ಲಿ ಮ್ಯೂಸಿಯಂನ ಹಾಳೆ ಮುಗಿದಿತ್ತು. ಸೋನಿಬಾಯಿ ತನ್ನ ಗಂಟಿನಿಂದ ಚೀಟಿಗಳನ್ನು ತೆಗೆದು ಕೊಟ್ಟಳು, "ಇವುಗಳ ಹಿಂದ ಬರೀರಿ, ನಮಗ ಇನ್ನು ಬೇಕಾಗಿಲ್ಲ" ಎಂದು. ಕಾಗದ ಓದಿ ಮುಗಿದ ಮೇಲೆ ಒಂದೊಂದೇ ಹಾಳೆ ತಿರುಗಿಸಿ ನೋಡಿ. ಪ್ರತಿಯೊಂದರ ಬೆನ್ನಿಗೂ ನನ್ನ ಸಹಿ ಇದೆ.

ತಿಪ್ಪವ್ವ